ತೊಗಲೂ ನಮ್ಮ ಸೀಮೆಯ ಬಾಳುವೆಯೂ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ಒಮ್ಮೆಯಾದರೂ ಕಾಣದವರು ದೊಡ್ಡಬಳ್ಳಾಪುರದ ಸೀಮೆಯಲ್ಲಿ ವಿರಳ. ಪುಷ್ಯಮಾಸದ ಚಳಿಯಲ್ಲಿ ಹಳ್ಳಿಕಾರ್ ಎತ್ತುಗಳು ಸಾಲುಸಾಲಾಗಿ ನಿಂತಿರುತ್ತವೆ. ಕೊಳ್ಳಬಂದ ರೈತನು ಅವುಗಳ ಹಲ್ಲನ್ನೂ ಸುಳಿಯನ್ನೂ ಕೊಂಬನ್ನೂ ನಡಿಗೆಯನ್ನೂ ಪರೀಕ್ಷಿಸುತ್ತಾನೆ. ಎತ್ತಿನ ಕೊರಳಲ್ಲಿ ಗೆಜ್ಜೆಗಳನ್ನು ಹೊತ್ತಿರುವ ಪಟ್ಟಿಯ ಕಡೆಗೆ ಮಾತ್ರ ಯಾರೂ ಹೆಚ್ಚಾಗಿ ಕಣ್ಣು ಹಾಯಿಸುವುದಿಲ್ಲ. ಪೂರ್ವದಲ್ಲಿ ಆ ಪಟ್ಟಿಯು ತೊಗಲಿನದಾಗಿತ್ತು. ಬದುಕಿರುವ ಎತ್ತು ಸತ್ತ ಎತ್ತಿನ ತೊಗಲನ್ನು ಕೊರಳಲ್ಲಿ ಧರಿಸಿ ಜಾತ್ರೆಗೆ ಬರುತ್ತಿತ್ತು. ನಮ್ಮ ಹಳ್ಳಿಗಳ ಬೇಸಾಯದಲ್ಲಿ ದನವು ಬದುಕಿರುವಷ್ಟು ದಿನ ದುಡಿದು, ಸತ್ತ ಮೇಲೆಯೂ ದುಡಿಮೆಯನ್ನು ಬಿಡುತ್ತಿರಲಿಲ್ಲವೆಂಬುದಕ್ಕೆ ಇದೊಂದು ಸಣ್ಣ ದೃಷ್ಟಾಂತ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಜೀವನದಲ್ಲಿ ತೊಗಲಿಗೆ ಯಾವ ಸ್ಥಾನವಿತ್ತು, ಅದನ್ನು ಹದಮಾಡಿದ ಕೈಗಳಿಗೆ ಯಾವ ಸ್ಥಾನ ದೊರಕಿತು ಎಂಬ ಎರಡು ವಿಷಯಗಳನ್ನು ಈ ಪುಟಗಳಲ್ಲಿ ವಿವರಿಸಲು ಯತ್ನಿಸಲಾಗಿದೆ. ಮೊದಲನೆಯದು ಲಾಭದ ಕಥೆ. ಎರಡನೆಯದು ಸಾಲದ ಕಥೆ. ಒಂದನ್ನು ಬಿಟ್ಟು ಮತ್ತೊಂದನ್ನು ಹೇಳುವುದು ನ್ಯಾಯವಲ್ಲ.

ಮೊದಲು ಹಳ್ಳಿಯ ಮನೆಯೊಳಗೂ ಹೊಲದಲ್ಲಿಯೂ ಒಮ್ಮೆ ಸುತ್ತಿಬರೋಣ. ನೇಗಿಲನ್ನು ನೊಗಕ್ಕೆ ಬಿಗಿಯುವ ಮಿಣಿ, ಎತ್ತಿನ ಕೊರಳ ಪಟ್ಟಿ, ಬಾರುಕೋಲಿನ ಬಾರು, ಬಂಡಿಯ ಕಟ್ಟುಗಳು, ಕಮ್ಮಾರನ ಕುಲುಮೆಗೆ ಉಸಿರು ಕೊಡುವ ತಿದಿ, ಮುಳ್ಳುಕಲ್ಲುಗಳ ದಾರಿಯಲ್ಲಿ ನಡೆಯುವವನ ಕಾಲಿನ ಮೆಟ್ಟು, ಎಣ್ಣೆ ತುಪ್ಪಗಳನ್ನು ಸಾಗಿಸುವ ಸಿದ್ದಿಗೆ, ಹಬ್ಬದ ತಮಟೆ, ಇವೆಲ್ಲವೂ ತೊಗಲೇ. ಕಬ್ಬಿಣವು ದುಬಾರಿಯಾಗಿದ್ದು ರಬ್ಬರು ಪ್ಲಾಸ್ಟಿಕ್‌ಗಳ ಹೆಸರೇ ಇಲ್ಲದಿದ್ದ ಕಾಲದಲ್ಲಿ, ಬಾಗಬೇಕಾದ, ಬಿಗಿಯಬೇಕಾದ, ನೀರು ಅಥವಾ ಗಾಳಿಯನ್ನು ಹಿಡಿದಿಡಬೇಕಾದ ಪ್ರತಿಯೊಂದು ಕೆಲಸಕ್ಕೂ ಮನುಷ್ಯನಿಗೆ ಒದಗಿದ ಪದಾರ್ಥವು ಇದೊಂದೇ ಆಗಿತ್ತು.

ಆದರೆ ಇವೆಲ್ಲಕ್ಕಿಂತ ಮುಖ್ಯವಾದುದು ಕಪಿಲೆಯ ಬಾನಿ. ಇಂದಿನ ವಿದ್ಯಾರ್ಥಿನಿಯರಲ್ಲಿ ಕಪಿಲೆಯನ್ನು ಕಂಡವರು ಇರಲಾರರಾದುದರಿಂದ ಅದರ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳುವುದು ಯುಕ್ತ. ನಮ್ಮ ಸೀಮೆಯಲ್ಲಿ ವರ್ಷಪೂರ್ತಿ ತುಂಬಿ ಹರಿಯುವ ಹೊಳೆಗಳಿಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಬರುವ ಅರ್ಕಾವತಿಯೂ, ದೇವನಹಳ್ಳಿ ಹೊಸಕೋಟೆಗಳ ಕಡೆಗೆ ಇಳಿಯುವ ದಕ್ಷಿಣ ಪಿನಾಕಿನಿಯೂ ಮಳೆಯನ್ನೇ ನಂಬಿದವುಗಳು. ಆದಕಾರಣ ಕೆರೆ ಬತ್ತಿದ ತರುವಾಯ ರೈತನಿಗೆ ಬಾವಿಯೇ ಗತಿ. ಬಾವಿಯ ಅಂಚಿನಲ್ಲಿ ಎರಡು ಕಂಬಗಳನ್ನು ನೆಟ್ಟು ಅವುಗಳ ನಡುವೆ ಗಾಲಿಯನ್ನು ನಿಲ್ಲಿಸುತ್ತಿದ್ದರು. ಗಾಲಿಯ ಮೇಲೆ ಹಾಯ್ದ ದಪ್ಪ ಹಗ್ಗದ ಒಂದು ತುದಿಗೆ ಜೋಡಿ ಎತ್ತು. ಇನ್ನೊಂದು ತುದಿಗೆ ಅಗಲವಾದ ಬಾಯಿಯ ತೊಗಲ ಬಾನಿ. ಬಾನಿಯ ತಳದಲ್ಲಿ ಆನೆಯ ಸೊಂಡಿಲಿನಂತೆ ತೊಗಲಿನ ಕೊಳವೆಯೊಂದು ಇಳಿಬಿದ್ದಿರುತ್ತಿತ್ತು. ಅದರ ತುದಿಗೆ ಬೇರೊಂದು ತೆಳುವಾದ ಹಗ್ಗ.

ಎತ್ತುಗಳು ಇಳಿಜಾರಿನಲ್ಲಿ ಮುಂದಕ್ಕೆ ನಡೆದರೆ ತುಂಬಿದ ಬಾನಿಯು ಮೇಲಕ್ಕೆ ಏರುವುದು. ಏರುವಷ್ಟು ಹೊತ್ತೂ ತೆಳುಹಗ್ಗವು ಸೊಂಡಿಲಿನ ತುದಿಯನ್ನು ಬಾನಿಯ ಬಾಯಿಯ ಮಟ್ಟಕ್ಕೆ ಎತ್ತಿ ಹಿಡಿದಿರುವುದರಿಂದ ನೀರು ಸೋರಿಹೋಗದು. ಬಾನಿಯು ಬಾವಿಯ ತುಟಿಗೆ ಬಂದೊಡನೆ ತೆಳುಹಗ್ಗವು ಸೊಂಡಿಲನ್ನು ತೊಟ್ಟಿಯ ಕಡೆಗೆ ಎಳೆದು ಚಾಚುವುದು. ನೀರೆಲ್ಲವೂ ತಾನಾಗಿಯೇ ಕಾಲುವೆಗೆ ಸುರಿದುಹೋಗುವುದು. ಬಾನಿಯನ್ನು ಕೈಯಿಂದ ಬಗ್ಗಿಸುವ ಕೆಲಸವೇ ಇಲ್ಲ. ಎತ್ತುಗಳು ಹಿಮ್ಮೆಟ್ಟಿ ಮೇಲಕ್ಕೆ ಬಂದರೆ ಬರಿದಾದ ಬಾನಿಯು ಮತ್ತೆ ಬಾವಿಗೆ ಇಳಿಯುವುದು. ಒಬ್ಬ ಆಳು ಹಗ್ಗದ ಮೇಲೆ ಕುಳಿತು, ಎತ್ತುಗಳೊಡನೆ ಮಾತನಾಡುತ್ತ, ಹಾಡಿಕೊಳ್ಳುತ್ತ, ನಸುಕಿನಿಂದ ಬಿಸಿಲೇರುವವರೆಗೂ ಹೀಗೆ ನೀರೆತ್ತುತ್ತಿದ್ದನು. ಈ ಯಂತ್ರವನ್ನು ಕಲ್ಪಿಸಿದವನು ಯಾವ ಕಾಲೇಜಿನಲ್ಲಿಯೂ ಓದಿದವನಲ್ಲ. ಆದರೆ ತೊಗಲು ಮಡಿಸಿದರೆ ಮಡಿಯುತ್ತದೆ, ಬಿಚ್ಚಿದರೆ ಬಿಚ್ಚುತ್ತದೆ, ಬಾವಿಯ ಕಲ್ಲಿಗೆ ತಗುಲಿದರೆ ಒಡೆಯುವುದಿಲ್ಲ ಎಂಬ ಗುಣವನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದನು.

ಬೆಂಗಳೂರಿನ ಪೇಟೆಗೆ ಹೋಗುತ್ತಿದ್ದ ತರಕಾರಿ, ತೋಟದ ಬಾಳೆ, ಕಬ್ಬಿನ ಬೆಲ್ಲ, ಹೂವು, ಸೊಪ್ಪು, ಇವುಗಳಲ್ಲಿ ಎಷ್ಟೋ ಪಾಲು ಈ ಬಾನಿಯ ನೀರನ್ನು ಕುಡಿದೇ ಬೆಳೆಯುತ್ತಿದ್ದವು. ಇಲ್ಲಿ ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕೆಂದು ಬೇಡುತ್ತೇನೆ. ಆ ಬಾನಿಯನ್ನು ಹೊಲಿದವನು ಊರ ಹೊರಗಿನ ಕೇರಿಯವನು. ಅವನು ಮಾಡಿದ ಬಾನಿಯು ಬಾವಿಗೆ ದಿನಕ್ಕೆ ನೂರು ಸಾರಿ ಇಳಿದರೂ ನೀರಿಗೆ ಮೈಲಿಗೆಯಿಲ್ಲ. ಅವನ ಹೆಂಡತಿಯು ಬಿಂದಿಗೆಯನ್ನು ಹಿಡಿದು ಅದೇ ಊರಿನ ಸೇದುವ ಬಾವಿಯ ಮೆಟ್ಟಿಲನ್ನು ಹತ್ತಿದರೆ ಮೈಲಿಗೆ! ಅವಳು ದೂರದಲ್ಲಿ ನಿಂತು, ಯಾರಾದರೂ ಕರುಣೆಯಿಂದ ಮೇಲಿನಿಂದ ನೀರನ್ನು ಸುರಿಯುವವರೆಗೆ ಕಾಯಬೇಕಾಗಿತ್ತು. ತೊಗಲು ಒಳಗೆ ಬರಬಹುದು, ತೊಗಲನ್ನು ಹದಮಾಡಿದ ಕೈ ಬರಕೂಡದು. ನಮ್ಮ ನಾಡಿನ ತೊಗಲಿನ ಕಥೆಯೆಲ್ಲವೂ ಈ ಒಂದು ವಾಕ್ಯದಲ್ಲಿ ಅಡಗಿದೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ಈ ಕೆಲಸವನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದವರು ಬಹುಮಟ್ಟಿಗೆ ಮಾದಿಗ ಸಮುದಾಯದವರು. ಉತ್ತರ ಕರ್ನಾಟಕದಲ್ಲಿ ಸಮಗಾರ, ಡೋಹರ ಮುಂತಾದ ಸಮುದಾಯಗಳವರು ಇದೇ ವೃತ್ತಿಯ ಬೇರೆ ಬೇರೆ ಭಾಗಗಳನ್ನು ನಡೆಸಿದರು. ಕಮ್ಮಾರ, ಬಡಗಿ, ಅಗಸ, ಕುಂಬಾರರಂತೆ ತೊಗಲಿನ ಕೆಲಸದವರಿಗೂ ಊರಿನೊಡನೆ ವರ್ಷದ ಒಪ್ಪಂದವಿತ್ತು. ಊರಿನಲ್ಲಿ ದನ ಸತ್ತರೆ ಅದನ್ನು ಸಾಗಿಸುವ ಕರ್ತವ್ಯ ಅವರದು, ತೊಗಲೂ ಅವರದು. ಅದಕ್ಕೆ ಪ್ರತಿಯಾಗಿ ರೈತನಿಗೆ ವರ್ಷಕ್ಕೆ ಬೇಕಾದ ಮಿಣಿ, ಬಾರು, ಮೆಟ್ಟುಗಳನ್ನು ಒದಗಿಸಬೇಕು. ಬಾನಿ ಹರಿದರೆ ತೇಪೆ ಹಾಕಬೇಕು. ಸುಗ್ಗಿಯಲ್ಲಿ ಕಣದ ರಾಗಿಯಿಂದ ಅವರ ಪಾಲಿನ ಮೊರಗಳು ಸಲ್ಲುತ್ತಿದ್ದವು. ಹಣದ ಚಲಾವಣೆ ಅಲ್ಪವಾಗಿದ್ದ ಕಾಲದಲ್ಲಿ ಈ ವ್ಯವಸ್ಥೆಯು ಊರನ್ನು ನಡೆಸಿತೆಂಬುದು ನಿಜ. ಆದರೆ ಕಣದಲ್ಲಿ ಕೊನೆಗೆ ನಿಲ್ಲುವವನ ಮೊರಕ್ಕೆ ಬೀಳುವ ಕಾಳು ಎಷ್ಟೆಂಬುದನ್ನು ಅಳೆಯುವವನು ಅವನಲ್ಲ. ಮಳೆ ತಪ್ಪಿದ ವರ್ಷ ಮೊದಲು ಬರಿದಾಗುತ್ತಿದ್ದುದೂ ಅವನ ಮೊರವೇ.

ಈಗ ತೊಗಲು ಚರ್ಮವಾಗುವ ಬಗೆಯನ್ನು ನೋಡೋಣ. ಹಸಿತೊಗಲನ್ನು ಹಾಗೆಯೇ ಬಿಟ್ಟರೆ ಕೆಲವು ದಿನಗಳಲ್ಲಿ ಕೊಳೆತುಹೋಗುತ್ತದೆ. ಒಣಗಿಸಿದರೆ ಹಲಗೆಯಂತೆ ಗಡಸಾಗುತ್ತದೆ. ಮತ್ತೆ ನೆನೆದರೆ ಮತ್ತೆ ಕೊಳೆಯುತ್ತದೆ. ಕೊಳೆಯದಂತೆಯೂ ಗಡಸಾಗದಂತೆಯೂ ಮಾಡುವ ವಿದ್ಯೆಗೇ ಹದಮಾಡುವುದೆಂದು ಹೆಸರು. ಟಿಪ್ಪು ಸುಲ್ತಾನನ ಪತನವಾದ ಮರುವರ್ಷ, ಅಂದರೆ 1800ರಲ್ಲಿ, ಇಂಗ್ಲಿಷ್ ಕಂಪೆನಿಯವರ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ಬೆಂಗಳೂರಿನಲ್ಲಿ ತೊಗಲನ್ನು ಹದಮಾಡುತ್ತಿದ್ದ ಕ್ರಮವನ್ನು ಕೇಳಿ ಬರೆದುಕೊಂಡನು. ಆತನ ಪ್ರವಾಸದ ವೃತ್ತಾಂತವು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆಡುಕುರಿಗಳ ತೊಗಲನ್ನು ತೊಳೆದು, ಎಕ್ಕದ ಹಾಲು, ಉಪ್ಪು, ರಾಗಿಯ ಮುದ್ದೆ ಇವುಗಳನ್ನು ಕಲಸಿ ಕೂದಲಿನ ಮಗ್ಗುಲಿಗೆ ಬಳಿದು ಬಿಸಿಲಿಗೆ ಇಡುತ್ತಿದ್ದರು; ಅನಂತರ ಕೂದಲನ್ನು ತೆಗೆದು ಅಳಲೆಕಾಯಿಯ ಪುಡಿಯಿಂದ ಹದಗೊಳಿಸುತ್ತಿದ್ದರು. ಎತ್ತು ಎಮ್ಮೆಗಳ ದೊಡ್ಡ ತೊಗಲನ್ನಾದರೋ ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲನ್ನು ಹೆರೆದು, ತಂಗಡಿಯ ತೊಗಟೆಯ ನೀರಿನಲ್ಲಿ ಕೆಲವು ದಿನ ಮುಳುಗಿಸಿಟ್ಟು, ಮತ್ತೆ ಹೊಸ ತೊಗಟೆಯನ್ನು ಹಾಕಿ ಮತ್ತಷ್ಟು ದಿನ ಬಿಟ್ಟು, ಗೂಟ ಹೊಡೆದು ಬಿಸಿಲಿನಲ್ಲಿ ಒಣಗಿಸುತ್ತಿದ್ದರು. ನಾವು ಉಣ್ಣುವ ರಾಗಿಯ ಮುದ್ದೆಯನ್ನೇ ತೊಗಲಿಗೂ ಉಣಿಸುತ್ತಿದ್ದರೆಂಬುದು ರಾಗಿಯ ಸೀಮೆಯವರಾದ ನಮಗೆ ಸ್ವಾರಸ್ಯವಾದ ಸಂಗತಿ.

ತಂಗಡಿಯ ಗಿಡವನ್ನು ನೀವೆಲ್ಲರೂ ಕಂಡಿರುವಿರಿ. ಹೆಸರು ಮಾತ್ರ ತಿಳಿಯದಿರಬಹುದು. ಕೆರೆಯ ಏರಿ, ಬೀಳುನೆಲ, ಹಾದಿಯ ಬದಿಗಳಲ್ಲಿ ಎದೆಯೆತ್ತರಕ್ಕೆ ಬೆಳೆದು ಚಿನ್ನದ ಬಣ್ಣದ ಹೂಗೊಂಚಲುಗಳನ್ನು ಬಿಡುವ ಪೊದೆ ಅದು. ಆವರಿಕೆಯೆಂದೂ ಕರೆಯುತ್ತಾರೆ. ನೆರೆಯ ತೆಲಂಗಾಣ ರಾಜ್ಯವು ಇದೇ ಹೂವನ್ನು ತನ್ನ ರಾಜ್ಯಪುಷ್ಪವನ್ನಾಗಿ ಮಾಡಿಕೊಂಡಿದೆ. ದನಗಳು ಅದನ್ನು ಅಷ್ಟಾಗಿ ಮೇಯುವುದಿಲ್ಲ. ಬರದಲ್ಲಿಯೂ ಅದು ಸಾಯುವುದಿಲ್ಲ. ಅದರ ತೊಗಟೆಯ ನೂರು ಪಾಲಿನಲ್ಲಿ ಸುಮಾರು 15ರಿಂದ 20 ಪಾಲು ಒಗರಿನ ಸತ್ವವಾದ ಟ್ಯಾನಿನ್ ಇರುತ್ತದೆ. ಹಸಿಯ ಅಳಲೆಕಾಯಿಯನ್ನೋ ಬಾಳೆಕಾಯಿಯನ್ನೋ ಕಚ್ಚಿದಾಗ ನಾಲಗೆಯು ಒಗರಿನಿಂದ ಬಿಗಿದುಕೊಳ್ಳುವುದಲ್ಲವೆ? ಅಲ್ಲಿ ನಾಲಗೆಗೆ ಆಗುವುದೇ ಇಲ್ಲಿ ತೊಗಲಿಗೆ ಆಗುತ್ತದೆ. ತೊಗಲೆಂಬುದು ಕೊಲಾಜನ್ ಎಂಬ ಸಾರಜನಕಯುಕ್ತ ಪದಾರ್ಥದ ಎಳೆಗಳ ಹೆಣಿಗೆ. ಸುಣ್ಣವು ಕೂದಲಿನ ಬೇರನ್ನು ಸಡಿಲಿಸಿ ಎಳೆಗಳ ನಡುವೆ ಎಡೆಮಾಡಿಕೊಡುತ್ತದೆ. ಟ್ಯಾನಿನ್ ಆ ಎಡೆಗಳಲ್ಲಿ ಹೊಕ್ಕು ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಆಗ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅದು ಆಹಾರವಾಗದು. ಈ ಕೆಲಸದಲ್ಲಿ ತೊಗಟೆಯನ್ನು ಕುಟ್ಟುವುದು, ನೀರು ಹೊರುವುದು ಮುಂತಾದ ಶ್ರಮವನ್ನು ಮನೆಯ ಹೆಂಗಸರೂ ಹೊತ್ತರು. ಅದರ ಕೂಲಿಯನ್ನು ಬೇರೆಯಾಗಿ ಯಾರೂ ಲೆಕ್ಕವಿಟ್ಟವರಲ್ಲ.

ಹಳ್ಳಿಯ ತೊಗಲು ಹಳ್ಳಿಯಲ್ಲಿಯೇ ಉಳಿಯುತ್ತಿದ್ದ ಕಾಲವು ಹತ್ತೊಂಬತ್ತನೆಯ ಶತಮಾನದಲ್ಲಿ ಮುಗಿಯಿತು. 1864ರಲ್ಲಿ ಬೆಂಗಳೂರಿನ ದಂಡಿಗೆ ಮದರಾಸಿನ ಕಡೆಯಿಂದ ರೈಲು ಬಂದಿತು. ಅಲ್ಲಿಂದ ಮುಂದೆ ನಮ್ಮ ತೊಗಲು ಮದರಾಸಿನ ಬಂದರನ್ನೂ ಅಲ್ಲಿಂದ ಲಂಡನ್ನನ್ನೂ ಕಂಡಿತು. ದಕ್ಷಿಣ ದೇಶದಲ್ಲಿ ತಂಗಡಿಯ ತೊಗಟೆಯಿಂದ ಅರ್ಧ ಹದಮಾಡಿದ ಚರ್ಮಕ್ಕೆ ಅಲ್ಲಿನ ವರ್ತಕರು ಈಸ್ಟ್ ಇಂಡಿಯಾ ಚರ್ಮವೆಂದೇ ಹೆಸರಿಟ್ಟಿದ್ದರು. ಈ ವ್ಯಾಪಾರಕ್ಕೆ ಒಂದು ಭಯಂಕರವಾದ ಮುಖವೂ ಉಂಟು. ಮಳೆ ಬೆಳೆಗಳು ಚೆನ್ನಾದ ವರ್ಷ ತೊಗಲು ಕಡಿಮೆ. ಕ್ಷಾಮದ ವರ್ಷ ತೊಗಲಿಗೆ ಸುಗ್ಗಿ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನವು ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಮೇವು ನೀರುಗಳಿಲ್ಲದೆ ದನಗಳು ಹಿಂಡುಹಿಂಡಾಗಿ ಬಿದ್ದವು. ಊರಿಗೆ ಬರುವ ಬಂಡಿಗಳಲ್ಲಿ ಧಾನ್ಯವಿಲ್ಲ, ಊರಿಂದ ಹೋಗುವ ಬಂಡಿಗಳಲ್ಲಿ ತೊಗಲಿನ ಹೊರೆ! ತೊಗಲಿನ ರಾಶಿಯು ಎತ್ತರವಾದಷ್ಟೂ ಆ ಊರಿನ ನೇಗಿಲುಗಳು ಮೂಲೆಗೆ ಬಿದ್ದಿವೆಯೆಂದೇ ಅರ್ಥವಾಗಿತ್ತು.

1914ರಲ್ಲಿ ಆರಂಭವಾದ ಮಹಾಯುದ್ಧದಲ್ಲಿ ಸೈನಿಕರ ಬೂಟುಗಳಿಗಾಗಿ ಈಸ್ಟ್ ಇಂಡಿಯಾ ಚರ್ಮಕ್ಕೆ ಅಪಾರವಾದ ಬೇಡಿಕೆಯುಂಟಾಗಿ, ಸರ್ಕಾರವೇ ಅದನ್ನು ಕೊಳ್ಳಲಾರಂಭಿಸಿತು. ಫ್ರಾನ್ಸಿನ ಕೆಸರುಗುಂಡಿಗಳಲ್ಲಿ ನಿಂತ ಸಿಪಾಯಿಯ ಪಾದವನ್ನು ಕಾಪಾಡಿದ ಚರ್ಮದಲ್ಲಿ ದಕ್ಷಿಣ ಭಾರತದ ದನಗಳ ಪಾಲೂ ಇತ್ತು. ನಗರದ ವರ್ತಕನು ಹಸಿತೊಗಲಿಗೆ ರೊಕ್ಕವನ್ನು ಎಣಿಸಿ ಕೊಡುವಾಗ ಹಳ್ಳಿಯ ತೊಟ್ಟಿಗೆ ಒಳ್ಳೆಯ ತೊಗಲು ಉಳಿಯುವುದು ಹೇಗೆ? ಹೀಗೆ ಹದಮಾಡುವ ಕೆಲಸವು ಕ್ರಮಕ್ರಮವಾಗಿ ಹಳ್ಳಿಯನ್ನು ಬಿಟ್ಟು ಪಟ್ಟಣದ ಕಾರ್ಖಾನೆಗೆ ಸೇರಿತು. ಬೆಂಗಳೂರಿನ ದಂಡಿನ ಉತ್ತರದಲ್ಲಿರುವ ಟ್ಯಾನರಿ ರಸ್ತೆಯ ಹೆಸರು ಆ ಕಾಲದ ನೆನಪನ್ನು ಈಗಲೂ ಹೊತ್ತಿದೆ.

ಅದೇ ಕಾಲದಲ್ಲಿ ವಿದೇಶದಿಂದ ಹೊಸ ವಿದ್ಯೆಯೊಂದು ಬಂದಿತು. ತೊಗಟೆಯ ಬದಲಾಗಿ ಕ್ರೋಮಿಯಂ ಎಂಬ ಲೋಹದ ಲವಣಗಳಿಂದ ಹದಮಾಡುವ ಕ್ರಮವನ್ನು ಅಮೆರಿಕದಲ್ಲಿ ಆಗಸ್ಟಸ್ ಷುಲ್ಟ್ಸ್ ಎಂಬುವರು 1884ರಲ್ಲಿಯೂ, ಮತ್ತೊಂದು ಸುಲಭವಾದ ಕ್ರಮವನ್ನು ಮಾರ್ಟಿನ್ ಡೆನಿಸ್ ಎಂಬುವರು 1893ರಲ್ಲಿಯೂ ರೂಢಿಗೆ ತಂದರು. ವಾರಗಟ್ಟಲೆಯ ಕೆಲಸವು ಕೆಲವೇ ದಿನಗಳಲ್ಲಿ ಮುಗಿಯಿತು. ಹಸಿತೊಗಲನ್ನು ನೀರಿನಲ್ಲಿಟ್ಟು ಕಾಯಿಸಿದರೆ ಸುಮಾರು 60 ಡಿಗ್ರಿಗೇ ಮುದುಡುತ್ತದೆ. ಕ್ರೋಮಿನ ಚರ್ಮವು ಕುದಿಯುವ ನೀರನ್ನೂ ತಾಳಬಲ್ಲದು. ಮದರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಜಿನಿಯರು 1903ರಲ್ಲಿ ಸರ್ಕಾರದ ಆಶ್ರಯದಲ್ಲಿ ಇದರ ಪ್ರಯೋಗಗಳನ್ನು ಆರಂಭಿಸಿದಾಗ ಅವರ ಕಣ್ಣು ಬಿದ್ದುದು ಬೂಟುಗಳ ಮೇಲೆ ಮಾತ್ರವಲ್ಲ. ನೀರೆತ್ತುವ ಬಾನಿಗಳ ಮೇಲೆಯೂ ಬಿದ್ದಿತು. ತೊಗಟೆಯಿಂದ ಹದವಾದ ಚರ್ಮವು ಸದಾ ನೀರಿನಲ್ಲಿ ಮುಳುಗೇಳುವುದರಿಂದ ಒಗರು ಬಿಟ್ಟುಕೊಂಡು ಬೇಗನೆ ಕೊಳೆಯುತ್ತಿತ್ತು. ಕ್ರೋಮಿನ ಚರ್ಮಕ್ಕೆ ಆ ದೋಷವಿಲ್ಲ. ಇದೇ ಚಾಟರ್ಟನ್ನರು ಮುಂದೆ ಮೈಸೂರು ಸಂಸ್ಥಾನಕ್ಕೆ ಬಂದು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದರು. ಆದರೆ ಹೊಸ ವಿದ್ಯೆಗೆ ಯಂತ್ರವೂ ಮದ್ದುಗಳೂ ಬಂಡವಾಳವೂ ಬೇಕು. ಮಣ್ಣಿನ ತೊಟ್ಟಿಯನ್ನು ನಂಬಿದ ಹಳ್ಳಿಯ ಸಂಸಾರಕ್ಕೆ ಅವು ಎಲ್ಲಿಂದ ಬರಬೇಕು? ವಿದ್ಯೆಯು ಮುಂದಕ್ಕೆ ಹೋಯಿತು. ವಿದ್ಯಾವಂತನು ಹಿಂದೆ ಉಳಿದನು.

ಬೇಸಾಯದಾಚೆಗೂ ತೊಗಲಿನ ಉಪಯೋಗಗಳು ನಮ್ಮ ಸೀಮೆಯಲ್ಲಿ ಕಾಣಬರುತ್ತವೆ. ದೇವನಹಳ್ಳಿಯು ಟಿಪ್ಪು ಸುಲ್ತಾನನ ಜನ್ಮಸ್ಥಳವೆಂಬುದು ಪ್ರಸಿದ್ಧ. ಇಂಗ್ಲಿಷರನ್ನು ಬೆರಗುಗೊಳಿಸಿದ ಮೈಸೂರಿನ ಬಾಣಗಳ ಕಬ್ಬಿಣದ ಕೊಳವೆಯನ್ನು ಬಿದಿರಿನ ಗಳುವಿಗೆ ಬಿಗಿಯುತ್ತಿದ್ದುದು ತೊಗಲಿನ ಬಾರಿನಿಂದ. ಇನ್ನು ದೊಡ್ಡಬಳ್ಳಾಪುರವು ನೇಕಾರರ ಪಟ್ಟಣ. ಮಗ್ಗದ ಪೆಟ್ಟಿಗೆಯ ಎರಡು ತುದಿಗಳಲ್ಲಿ ಲಾಳಿಯನ್ನು ಹೊಡೆದಟ್ಟುವ ಪಿಕ್ಕರ್ ಎಂಬ ಸಣ್ಣ ತುಂಡಿದೆಯಷ್ಟೆ. ಬಹುಕಾಲ ಅದನ್ನು ಎಮ್ಮೆಯ ಹಸಿತೊಗಲನ್ನು ಒತ್ತಿ ಗಟ್ಟಿಮಾಡಿ ತಯಾರಿಸುತ್ತಿದ್ದರು. ದಿನಕ್ಕೆ ಸಾವಿರಾರು ಪೆಟ್ಟುಗಳನ್ನು ತಿಂದರೂ ಸೀಳದೆ, ಲಾಳಿಯ ಮೂತಿಯನ್ನೂ ಕೆಡಿಸದೆ ಇರುವ ಗುಣವು ಮರಕ್ಕೂ ಇಲ್ಲ, ಕಬ್ಬಿಣಕ್ಕೂ ಇಲ್ಲ. ಮದುವೆಯ ರೇಷ್ಮೆ ಸೀರೆಯನ್ನು ಮಡಿಯೆಂದು ಉಡುವವರು, ಅದರ ಒಂದೊಂದು ಎಳೆಯನ್ನೂ ತೊಗಲೇ ತಳ್ಳಿತೆಂಬುದನ್ನು ಅರಿತವರಲ್ಲ.

ಸಂಗೀತದ ವಿಷಯವೂ ಹಾಗೆಯೇ. ಊರಹಬ್ಬಕ್ಕೂ ಸಾವಿಗೂ ತಮಟೆಯಿಲ್ಲದೆ ನಡೆಯದು. ಬಾರಿಸುವ ಮುನ್ನ ಬೆಂಕಿಯ ಬಳಿ ಹಿಡಿದು ಬಿಸಿಮಾಡಿದರೆ ತೊಗಲು ತೇವವನ್ನು ಬಿಟ್ಟು ಬಿಗಿಯಾಗಿ ನಾದವು ಮೇಲಕ್ಕೇರುತ್ತದೆ. ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆಯ ಕಲಾವಿದರಾದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಮೃದಂಗವಾದರೋ ಹಲಸಿನ ಮರದ ಕೊಡಕ್ಕೆ ಹಸು, ಎಮ್ಮೆ, ಆಡು ಈ ಮೂರರ ತೊಗಲನ್ನೂ ಹೊದಿಸಿ ಕಟ್ಟುವಂಥದು. ತಮಿಳು ಸೀಮೆಯಲ್ಲಿ ಮೃದಂಗವನ್ನು ಕಟ್ಟುವವರಲ್ಲಿ ಅನೇಕರು ದಲಿತ ಕ್ರೈಸ್ತ ಮನೆತನಗಳವರೆಂಬುದನ್ನು ಗಾಯಕರಾದ ಟಿ. ಎಂ. ಕೃಷ್ಣ ಅವರು 2020ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಸ್ತಾರವಾಗಿ ತಿಳಿಸಿದ್ದಾರೆ. ಆಡಿನ ತೊಗಲನ್ನು ಬೆಳಕು ತೂರುವಂತೆ ತೆಳುವಾಗಿ ಹೆರೆದು, ಬಣ್ಣವಿಟ್ಟು, ದೀಪದ ಮುಂದೆ ರಾಮಾಯಣ ಭಾರತಗಳನ್ನು ಆಡಿಸುವ ತೊಗಲುಗೊಂಬೆಯಾಟವು ಕನ್ನಡ ನಾಡಿನ ಹೆಮ್ಮೆಯ ಕಲೆ. ಕೊಪ್ಪಳ ಜಿಲ್ಲೆಯ ವೃದ್ಧ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ದೊರೆಯಿತು. ನಮ್ಮ ಶಾಲೆಗಳ ಪ್ರಾರ್ಥನೆಯಲ್ಲಿ ನುಡಿಯುವ ಹಾರ್ಮೋನಿಯಂ ಪೆಟ್ಟಿಗೆಯೊಳಗೂ ಗಾಳಿಯನ್ನು ತಡೆದು ಬಿಡುವ ಮೃದುವಾದ ತೊಗಲಿನ ಪದರಗಳಿವೆ.

ಇಷ್ಟು ಉಪಕಾರವನ್ನು ಪಡೆದ ನಾಡು ಕೊಟ್ಟುದೇನು? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನೆಂಬ ಸಮಗಾರ ಶರಣನಿದ್ದನು. ಅವನು ಬಸವಣ್ಣನವರಿಗೆ ಒಂದು ಶರಣು ಹೇಳಲು, ಅವರು ಎರಡು ಶರಣು ಹೇಳಿ ನಮಿಸಿದರಂತೆ. ಆ ಹೆಚ್ಚಿನ ಒಂದು ಶರಣಿನ ಋಣವನ್ನು ತೀರಿಸಲು ಹರಳಯ್ಯನೂ ಅವನ ಪತ್ನಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆಗಳನ್ನು ಮಾಡಿ ತಂದರೆಂದೂ, ಬಸವಣ್ಣನವರು ಅವುಗಳನ್ನು ಮೆಟ್ಟಲೊಲ್ಲದೆ ತಲೆಯ ಮೇಲೆ ಹೊತ್ತರೆಂದೂ ಪರಂಪರೆಯ ಕಥೆಯು ಹೇಳುತ್ತದೆ. ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ವಿವಾಹವಾದುದನ್ನು ಆ ಕಾಲದ ಅರಸೊತ್ತಿಗೆಯು ಸಹಿಸಲಿಲ್ಲ. ಬೀಗರಿಬ್ಬರಿಗೂ ಮರಣದಂಡನೆಯಾಯಿತು. ‘ನನ್ನ ಚರ್ಮದಿಂದ ಚಪ್ಪಲಿ ಮಾಡಿಸಿಕೊಟ್ಟರೂ ನಿಮ್ಮ ಋಣ ತೀರದು’ ಎಂದು ನಾವು ಉಪಕಾರ ಪಡೆದಾಗ ಆಡುವ ಮಾತನ್ನು ಕೇಳಿದಾಗಲೆಲ್ಲ ಈ ದಂಪತಿಗಳು ನೆನಪಾಗುತ್ತಾರೆ.

ಬೇರೆ ದೇಶಗಳಲ್ಲಿಯೂ ಈ ವೃತ್ತಿಯನ್ನು ಕೀಳಾಗಿ ಕಂಡವರುಂಟು. ಯೆಹೂದ್ಯರಲ್ಲಿ ಚರ್ಮಕಾರನು ಸತ್ತ ಪ್ರಾಣಿಗಳನ್ನು ಮುಟ್ಟುವವನೆಂದು ಅಶುದ್ಧನೆನಿಸಿಕೊಂಡಿದ್ದನು. ಸತ್ಯವೇದದ ಅಪೊಸ್ತಲರ ಕೃತ್ಯಗಳಲ್ಲಿ ಪೇತ್ರನು ಯೊಪ್ಪ ಪಟ್ಟಣದಲ್ಲಿ ಸೀಮೋನನೆಂಬ ಚರ್ಮಕಾರನ ಮನೆಯಲ್ಲಿ ಬಹುದಿನ ಇಳುಕೊಂಡನೆಂದಿದೆ. ಆ ಮನೆಯಿದ್ದುದು ಊರ ನಡುವೆಯಲ್ಲ, ಸಮುದ್ರದ ಬಳಿಯಲ್ಲಿ. ನಮ್ಮ ನುಡಿಗೆ ಸಂಬಂಧಪಟ್ಟ ಮತ್ತೊಂದು ಸಂಗತಿಯನ್ನು ಹೇಳದಿರಲಾರೆ. 1817ರಲ್ಲಿ ಸೆರಾಂಪುರದಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವೊಂದು ಪ್ರಕಟವಾಯಿತು. ಅದನ್ನು ಬರೆದ ವಿಲಿಯಂ ಕೇರಿಯವರು ಇಂಗ್ಲೆಂಡಿನಲ್ಲಿ ಯೌವನವನ್ನು ಕಳೆದುದು ಪಾದರಕ್ಷೆಗಳನ್ನು ಹೊಲಿಯುತ್ತ. ಅರಿಗತ್ತಿಯನ್ನೂ ಉಳಿಯನ್ನೂ ಹಿಡಿದ ಕೈಗೆ ಲೇಖನಿಯು ಭಾರವಾಗಲಿಲ್ಲ. ಅಂತಹ ಅವಕಾಶವನ್ನು ನಮ್ಮ ಕೇರಿಗಳ ಎಷ್ಟು ಕೈಗಳಿಗೆ ನಾವು ನಿರಾಕರಿಸಿದೆವೆಂಬ ಲೆಕ್ಕವನ್ನು ದೇವರೊಬ್ಬನೇ ಬಲ್ಲನು.

ಸ್ವಾತಂತ್ರ್ಯದ ತರುವಾಯ ಹಳೆಯ ವ್ಯವಸ್ಥೆಯು ಎರಡು ಕಡೆಗಳಿಂದ ಕುಸಿಯಿತು. ಒಂದು ಕಡೆ 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರ ಕಾನೂನು ಅದರ ಆಚರಣೆಯನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು. ಮತ್ತೊಂದು ಕಡೆ ವಿದ್ಯುತ್ತಿನ ಪಂಪುಗಳು ಬಂದು ಕಪಿಲೆಗಳು ಮೌನವಾದವು. ಅನಂತರ ಕೊಳವೆಬಾವಿಗಳು ಬಂದವು. ಇಂದು ನಮ್ಮ ತಾಲ್ಲೂಕುಗಳಲ್ಲಿ ಸಾವಿರ ಅಡಿಗಳಿಗೂ ಹೆಚ್ಚು ಆಳಕ್ಕೆ ಕೊರೆಯುವುದು ಸಾಮಾನ್ಯವಾಗಿದೆ; ಹಳೆಯ ತೆರೆದ ಬಾವಿಗಳು ಬತ್ತಿ, ಕಪಿಲೆಯ ಕಲ್ಲುಕಂಬಗಳು ಅಲ್ಲಲ್ಲಿ ಒಂಟಿಯಾಗಿ ನಿಂತಿವೆ. ಮಿಣಿಯ ಸ್ಥಾನಕ್ಕೆ ನೈಲಾನ್, ಮೆಟ್ಟಿನ ಸ್ಥಾನಕ್ಕೆ ರಬ್ಬರು, ಎತ್ತಿನ ಸ್ಥಾನಕ್ಕೆ ಟ್ರ್ಯಾಕ್ಟರು ಬಂದಿವೆ. ಅನೇಕ ಸಂಸಾರಗಳು ಈ ವೃತ್ತಿಯನ್ನು ಬಿಟ್ಟವು. ಅದಕ್ಕಾಗಿ ಯಾರೂ ಅವರನ್ನು ದೂರಬಾರದು. ಅವಮಾನವೇ ಕೂಲಿಯಾಗಿದ್ದ ಕೆಲಸವನ್ನು ಬಿಟ್ಟು ಮಗನನ್ನೂ ಮಗಳನ್ನೂ ಶಾಲೆಗೆ ಕಳುಹಿಸಿದ ತಂದೆಯು ವಿವೇಕಿಯೇ ಸರಿ.

ವೃತ್ತಿಯನ್ನು ಉಳಿಸಿಕೊಂಡು ಬಾಳಲು ಯತ್ನಿಸುವವರಿಗೂ ದಾರಿಗಳು ತೆರೆದಿವೆ. 1948ರಲ್ಲಿ ಮದರಾಸಿನಲ್ಲಿ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯು ಸ್ಥಾಪಿತವಾಯಿತು. ನಮ್ಮ ರಾಜ್ಯದಲ್ಲಿ 1976ರಲ್ಲಿ ಚರ್ಮ ಕೈಗಾರಿಕೆಗಳ ಅಭಿವೃದ್ಧಿ ನಿಗಮವು ಹುಟ್ಟಿತು. ಲಿಡ್ಕರ್ ಎಂಬ ಹೆಸರಿನಿಂದ ಜನರು ಅದನ್ನು ಬಲ್ಲರು. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳ ಕಡೆ ಹೊಲಿಯುವ ಚಪ್ಪಲಿಗಳ ಹೆಣಿಗೆಯ ನಯವಾದ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು. ಕೊಲ್ಹಾಪುರಿ ಎಂಬ ಹೆಸರಿನ ಈ ಚಪ್ಪಲಿಗೆ ದೊರೆತಿರುವ ಭೌಗೋಳಿಕ ಗುರುತಿನ ಮನ್ನಣೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ. 2025ರ ಜೂನ್ ತಿಂಗಳಿನಲ್ಲಿ ಇಟಲಿಯ ಪ್ರಾಡಾ ಎಂಬ ಪ್ರಸಿದ್ಧ ಕಂಪೆನಿಯು ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಯನ್ನು ಮೂಲವನ್ನು ಹೇಳದೆ ತೋರಿಸಿದಾಗ ಗದ್ದಲವೆದ್ದು, ಕಂಪೆನಿಯು ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದುದನ್ನು ಒಪ್ಪಿಕೊಂಡಿತು. ಬಾನಿ ಹೊಲಿದವನನ್ನು ಮರೆತ ಊರಿಗೂ ಚಪ್ಪಲಿ ಹೆಣೆದವಳನ್ನು ಮರೆತ ಮಹಾನಗರಕ್ಕೂ ಈ ವಿಷಯದಲ್ಲಿ ಬಹಳ ಅಂತರವಿಲ್ಲ.

ಒಂದು ಎಚ್ಚರಿಕೆಯನ್ನೂ ಇಲ್ಲಿ ಹೇಳುವುದು ಅವಶ್ಯಕ. ಕಾರ್ಖಾನೆಗಳ ಹದಕ್ಕೆ ಅಪಾರವಾದ ನೀರು ಬೇಕು. ಉಪ್ಪು, ಸುಣ್ಣ, ಕ್ರೋಮಿಯಂಗಳಿಂದ ಕೂಡಿದ ಆ ನೀರನ್ನು ಶುದ್ಧಿಮಾಡದೆ ಹೊರಕ್ಕೆ ಬಿಟ್ಟರೆ ನೆಲವೂ ಬಾವಿಯೂ ಕೆಡುತ್ತವೆ. ನೆರೆಯ ವೆಲ್ಲೂರಿನ ಕಡೆ ಪಾಲಾರ್ ನದಿಯ ಬಯಲಿಗೆ ಒದಗಿದ ಹಾನಿಯನ್ನು ಕುರಿತು 1996ರಲ್ಲಿ ಸುಪ್ರೀಂ ಕೋರ್ಟು, ಕೆಡಿಸಿದವರೇ ಅದರ ವೆಚ್ಚವನ್ನು ತೆರಬೇಕೆಂದು ತೀರ್ಪು ಕೊಟ್ಟಿತು. ಒಂದು ಕಾಲಕ್ಕೆ ಬಾವಿಯಿಂದ ನೀರನ್ನು ಎತ್ತಿ ಕೊಟ್ಟ ತೊಗಲು ಮತ್ತೊಂದು ಕಾಲಕ್ಕೆ ಬಾವಿಯನ್ನೇ ಕೆಡಿಸುವಂತಾದುದು ತೊಗಲಿನ ದೋಷವಲ್ಲ. ಅವಸರದ ಲಾಭವನ್ನು ಬಯಸಿದವರ ದೋಷ.

ಈ ಲೇಖನವನ್ನು ಮುಗಿಸುವ ಮುನ್ನ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಗಳಲ್ಲಿಯೂ ಎರಡು ಬಿನ್ನಹಗಳು. ಮೊದಲನೆಯದು: ನಿಮ್ಮ ಊರಿನ ಹಿರಿಯರಲ್ಲಿ ಕಪಿಲೆ ಹೊಡೆದವರು, ಬಾನಿ ಹೊಲಿದವರು, ತೊಗಟೆ ಕುಟ್ಟಿದ ಅಜ್ಜಿಯರು ಇನ್ನೂ ಬದುಕಿದ್ದರೆ, ಅವರ ಬಳಿ ನಿಮ್ಮ ಮಕ್ಕಳನ್ನು ಕೂರಿಸಿ, ಆ ಸಾಮಾನುಗಳ ಹೆಸರುಗಳನ್ನೂ ಕೆಲಸದ ಕ್ರಮವನ್ನೂ ಒಂದು ನೋಟುಪುಸ್ತಕದಲ್ಲಿ ಬರೆಯಿಸಿರಿ. ಆ ಪದಗಳು ಅವರೊಡನೆಯೇ ಹೋಗಿಬಿಟ್ಟರೆ ಯಾವ ನಿಘಂಟಿನಿಂದಲೂ ಅವುಗಳನ್ನು ಮರಳಿ ತರಲಾಗದು. ಎರಡನೆಯದು: ಅವರ ಮನೆಯ ನೀರನ್ನು ಕುಡಿದು ಬನ್ನಿರಿ. ಕಾನೂನು ಬಾವಿಯ ಮೆಟ್ಟಿಲನ್ನು ತೆರೆದಿದೆ. ಆದರೆ ಮನೆಯ ಹೊಸ್ತಿಲನ್ನು ಯಾವ ಕಾನೂನೂ ನಮಗಾಗಿ ದಾಟಲಾರದು. ಅದನ್ನು ನಾವೇ ದಾಟಬೇಕು. ತಲೆಮಾರುಗಳ ಕಾಲ ನಮ್ಮ ಹೊಲಗಳಿಗೆ ನೀರನ್ನು ಎತ್ತಿಕೊಟ್ಟವರ ಕೈಯಿಂದ ಒಂದು ಲೋಟ ನೀರನ್ನು ಪಡೆದು ಕುಡಿಯುವುದು ಉಪಕಾರವಲ್ಲ. ಬಹಳ ಹಿಂದೆಯೇ ಸಲ್ಲಬೇಕಾಗಿದ್ದ ಸಾಲದ ಮೊದಲನೆಯ ಕಂತು.